ಗಣಿಯ ಆಳಕ್ಕೆ ಇಳಿಸಿದರೆ ಕ್ಯೂಬಿಟ್ ಹೆಚ್ಚು ಹೊತ್ತು ಬಾಳುತ್ತದೆಯೇ?

ಪ್ರಶ್ನೆ: ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವನು, ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ಕಾಸ್ಮಿಕ್ ಕಿರಣ ಬಿದ್ದು ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕಗಳಾದ ಕ್ಯೂಬಿಟ್‌ಗಳು ಕೆಡುತ್ತವೆ ಎಂದು ಓದಿದೆ. ನಮ್ಮ ಗಣಿಯಲ್ಲಿ ನ್ಯೂಟ್ರಿನೊ ಪ್ರಯೋಗ ಮಾಡಿದ್ದೂ ಕಾಸ್ಮಿಕ್ ಕಿರಣದಿಂದ ತಪ್ಪಿಸಿಕೊಳ್ಳಲಿಕ್ಕೇ ಅಲ್ಲವೇ? ಹಾಗಾದರೆ ಕ್ವಾಂಟಂ ಕಂಪ್ಯೂಟರನ್ನು ಆ ಆಳಕ್ಕೆ ಇಳಿಸಿದರೆ ಟಿ1 (ಶಕ್ತಿ ಉಳಿಯುವ ಕಾಲ), ಟಿ2 (ಫೇಸ್ ಉಳಿಯುವ ಕಾಲ) ಎರಡೂ ಹೆಚ್ಚುತ್ತವೆಯೇ? ಜೊತೆಗೆ, ಶಕ್ತಿ ಹೋಗದೆ ಫೇಸ್ ಮಾತ್ರ ಹೋಗುವುದು ಹೇಗೆ, ಕಣಗಳು ಹೆಚ್ಚಾದಷ್ಟೂ ಅದು ಬೇಗ ಹೋಗುವುದೇಕೆ ಎಂಬುದು ಸೂತ್ರದಲ್ಲಿ ಗೊತ್ತಿದೆ, ತಲೆಗೆ ಹತ್ತಿಲ್ಲ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದರ ಮೇಲೆ ಪ್ರಾಜೆಕ್ಟ್ ಮಾಡಬಹುದೇ?

ಉತ್ತರ: ಮುಖ್ಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡಬಹುದು. ಟಿ1 ನೂರು ಮೈಕ್ರೊಸೆಕೆಂಡ್ ಇರುವ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ಟನ್ನು ಗಣಿಯ ಆಳಕ್ಕೆ ಒಯ್ದು, ವಿಕಿರಣವನ್ನೆಲ್ಲ ತಡೆದರೂ ಅದು ಸುಮಾರು 102.6 ಆಗುತ್ತದೆ, ಅಷ್ಟೆ. ಟಿ2 ಪಾಡೂ ಹೆಚ್ಚುಕಡಿಮೆ ಅದೇ. ಹಾಗೆಂದು ನಿಮ್ಮ ಯೋಚನೆ ತಪ್ಪಲ್ಲ. ಆಳದಿಂದ ಆಗುವ ಲಾಭ ನಿಜ, ಆದರೆ ಅದು ಟಿ1, ಟಿ2 ಎಂಬ ಸರಾಸರಿಗಳಲ್ಲಿ ಕಾಣುವ ಲಾಭವಲ್ಲ. ಇದು ಅರ್ಥವಾಗಬೇಕಾದರೆ ಈ ಎರಡು ಕಾಲಗಳು ಏನನ್ನು ಅಳೆಯುತ್ತವೆ ಎಂಬಲ್ಲಿಂದಲೇ ಹೊರಡಬೇಕು. ನಿಮ್ಮ ಎರಡನೇ ಪ್ರಶ್ನೆಯೂ ಅಲ್ಲೇ ಇದೆ.

ಉದ್ರಿಕ್ತ ಸ್ಥಿತಿಯಲ್ಲಿರುವ ವ್ಯವಸ್ಥೆ ತನ್ನ ಶಕ್ತಿಯನ್ನು ಸುತ್ತಲಿನದಕ್ಕೆ ಕೊಟ್ಟು ಕೆಳಗಿಳಿಯುವ ಕಾಲ ಟಿ1. ಕೊಡಬೇಕಾದರೆ ತೆಗೆದುಕೊಳ್ಳುವವರು ಬೇಕು. 5 ಗಿಗಾಹರ್ಟ್ಸ್ ಕ್ಯೂಬಿಟ್ ಪಕ್ಕದಲ್ಲಿ ಅದೇ 5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಶಕ್ತಿ ನುಂಗಬಲ್ಲದ್ದು ಏನೂ ಇಲ್ಲದಿದ್ದರೆ ಅದು ಇಳಿಯುವುದಿಲ್ಲ. ಆದ್ದರಿಂದ ಟಿ1 ನಿಮಗೆ ಹೇಳುವುದು ಒಂದೇ ಫ್ರೀಕ್ವೆನ್ಸಿಯ ಸುದ್ದಿ.

ಫೇಸ್ ಹಾಗಲ್ಲ. ಮೇಲಿನ ಸ್ಥಿತಿ, ಕೆಳಗಿನ ಸ್ಥಿತಿ ಎರಡೂ ಬೆರೆತಿರುವಾಗ ಅವುಗಳ ನಡುವಿನ ಕೋನವೇ ಫೇಸ್. ಆ ಕೋನ ತಿರುಗುವ ವೇಗ ಎರಡು ಮಟ್ಟಗಳ ಅಂತರವನ್ನು ಅವಲಂಬಿಸಿದೆ. ಅಂತರ ಬರೀ 1 ಕಿಲೊಹರ್ಟ್ಸ್ ಅಲುಗಿತು ಎನ್ನಿ, ಅಂದರೆ 5 ಗಿಗಾಹರ್ಟ್ಸ್‌ನಲ್ಲಿ ಐವತ್ತು ಲಕ್ಷಕ್ಕೆ ಒಂದು ಪಾಲು. ನೂರು ಮೈಕ್ರೊಸೆಕೆಂಡಿನಲ್ಲಿ ಕೋನ 36 ಡಿಗ್ರಿ ತಪ್ಪಿರುತ್ತದೆ. ಈ ಅಲುಗಾಟ ಸೆಕೆಂಡಿಗೊಮ್ಮೆ ಆಗುವಷ್ಟು ನಿಧಾನವಾದರೂ ಸಾಕು, ಶಕ್ತಿಯ ವಿನಿಮಯವೇ ಬೇಕಿಲ್ಲ. ಇಪ್ಪತ್ತು ಜನರ ತಮಟೆ ತಂಡದಲ್ಲಿ ಎಲ್ಲರೂ ಮೊದಲಿನಷ್ಟೇ ಬಲವಾಗಿ ಬಾರಿಸುತ್ತಿದ್ದು, ಒಬ್ಬೊಬ್ಬರ ಲಯ ಕೂದಲೆಳೆಯಷ್ಟು ಬೇರೆಯಾದರೆ ಸ್ವಲ್ಪ ಹೊತ್ತಿನಲ್ಲಿ ತಾಳ ಕೇಳಿಸುವುದೇ ಇಲ್ಲ. ಯಾರ ತೋಳೂ ಸೋತಿಲ್ಲ, ತಾಳ ಮಾತ್ರ ಹೋಗಿದೆ. ಶಕ್ತಿ ಉಳಿದು ಫೇಸ್ ಹೋಗುವುದು ಹೀಗೆ.

ಶಕ್ತಿ ಹೋದಾಗ ಫೇಸ್ ಕೂಡ ಹೋಗಿಯೇ ಹೋಗುತ್ತದೆ, ಆದರೆ ಅರ್ಧ ವೇಗದಲ್ಲಿ. ಸಂಭವನೀಯತೆ ಟಿ1 ಕಾಲದಲ್ಲಿ ಕುಗ್ಗಿದರೆ ಅದರ ವರ್ಗಮೂಲವಾದ ಆಂಪ್ಲಿಟ್ಯೂಡ್ ಕುಗ್ಗಲು ಅದರ ಎರಡರಷ್ಟು ಕಾಲ ಬೇಕು. ಎರಡೂ ಸೇರಿ ನಿಮಗೆ ಗೊತ್ತಿರುವ ಸೂತ್ರ ಬರುತ್ತದೆ:

1/ಟಿ2 = 1/(2 × ಟಿ1) + 1/ಟಿಫೈ

ಟಿಫೈ ಎಂದರೆ ಶುದ್ಧ ಫೇಸ್ ನಷ್ಟದ ಕಾಲ. ಇದರಿಂದಲೇ ಟಿ2 ಎಂದೂ ಟಿ1ರ ಎರಡರಷ್ಟನ್ನು ಮೀರದು. ನಿಮ್ಮ ಅಳತೆಯಲ್ಲಿ ಮೀರಿದ್ದರೆ ಹೊಸ ಭೌತಶಾಸ್ತ್ರ ಹುಡುಕಬೇಡಿ. ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಅಳೆದಿರಾ, ನಡುವೆ ಟಿ1 ಬದಲಾಯಿತೇ ಎಂದು ನೋಡಿ.

ಒಂದು ಲೆಕ್ಕ ಮಾಡೋಣ. ಟಿ1 80 ಮೈಕ್ರೊಸೆಕೆಂಡ್, ಎಕೋ ಪಲ್ಸ್ ಹಾಕದೆ ಅಳೆದ ಟಿ2 40, ಎಕೋ ಹಾಕಿ ಅಳೆದದ್ದು 100 ಎಂದುಕೊಳ್ಳಿ. ಎಕೋ ಇಲ್ಲದಾಗ 1/40 ಕಳೆ 1/160, ಅಂದರೆ 0.01875, ಟಿಫೈ ಸುಮಾರು 53. ಎಕೋ ಇದ್ದಾಗ 1/100 ಕಳೆ 1/160, ಅಂದರೆ 0.00375, ಟಿಫೈ ಸುಮಾರು 267. ಒಂದೇ ಕ್ಯೂಬಿಟ್‌ಗೆ ಎರಡು ಟಿಫೈ ಬಂದಿರುವುದು ತಪ್ಪಲ್ಲ, ಮಾಹಿತಿ. ಅರ್ವಿನ್ ಹಾನ್ 1950ರಲ್ಲಿ ತೋರಿಸಿದ ಎಕೋ, ಕಾಯುವ ಅವಧಿಯ ನಡುವಿನಲ್ಲಿ, ಸ್ಥಿತಿಯನ್ನು ತಲೆಕೆಳಗು ಮಾಡುವ ಒಂದು ಪೈ ಪಲ್ಸ್ ಕೊಟ್ಟು, ಮೊದಲರ್ಧದಲ್ಲಿ ಕೂಡಿದ ತಪ್ಪನ್ನು ಎರಡನೇ ಅರ್ಧದಲ್ಲಿ ಕಳೆಯುತ್ತದೆ. ತಪ್ಪು ಎರಡೂ ಅರ್ಧಗಳಲ್ಲಿ ಒಂದೇ ಆಗಿದ್ದರೆ ಮಾತ್ರ ಇದು ನಡೆಯುತ್ತದೆ. 53 ಹೋಗಿ 267 ಆಯಿತೆಂದರೆ ಈ ಕ್ಯೂಬಿಟ್ಟಿನ ಫೇಸನ್ನು ಕೆಡಿಸುತ್ತಿರುವುದು ಬಹುಪಾಲು ನಿಧಾನದ ನಾಯ್ಸ್ (ಗೊತ್ತುಗುರಿಯಿಲ್ಲದ ಅಲುಗಾಟ) ಎಂದರ್ಥ.

ಈಗ ಅನೇಕ ಕಣಗಳ ವಿಷಯ. ಇದನ್ನು ನೋಡಲು ಕ್ಯೂಬಿಟ್‌ಗಿಂತ ನೀರೇ ಒಳ್ಳೆಯ ಉದಾಹರಣೆ. ನೀರಿನ ಅಣುವಿನಲ್ಲಿ ಎರಡು ಪ್ರೋಟಾನುಗಳು ಸುಮಾರು 1.5 ಆಂಗ್‌ಸ್ಟ್ರಾಮ್ ದೂರದಲ್ಲಿವೆ. ಪ್ರತಿ ಪ್ರೋಟಾನೂ ಸ್ಪಿನ್ ಎಂಬ ಗುಣದಿಂದ ಒಂದು ಪುಟ್ಟ ಕಾಂತ. ಇಂಥ ಒಂದು ಕಾಂತ ಇಷ್ಟು ದೂರದ ಇನ್ನೊಂದರ ಮೇಲೆ ಹಾಕುವ ಕ್ಷೇತ್ರ ಸುಮಾರು 4 ಗಾಸ್. ಪ್ರೋಟಾನ್ ಒಂದು ಟೆಸ್ಲಾಗೆ 42.58 ಮೆಗಾಹರ್ಟ್ಸ್ ತಿರುಗುವುದರಿಂದ 4 ಗಾಸ್ ಎಂದರೆ ಸುಮಾರು 17 ಕಿಲೊಹರ್ಟ್ಸ್ ಅಲುಗಾಟ. ಇದು ಫೇಸನ್ನು ಕೆಡಿಸಲು ಹತ್ತು ಮೈಕ್ರೊಸೆಕೆಂಡ್ ಸಾಕು. ಮಂಜುಗಡ್ಡೆಯಲ್ಲಿ ನಡೆಯುವುದು ಇದೇ. ಅಲ್ಲಿ ಟಿ2 ಹತ್ತು ಮೈಕ್ರೊಸೆಕೆಂಡಿನ ಆಸುಪಾಸು, ಟಿ1 ಮಾತ್ರ ಸೆಕೆಂಡಿನ ಲೆಕ್ಕ. ನಡುವೆ ಲಕ್ಷ ಪಟ್ಟು ಅಂತರ. ಕಾರಣ, ಪಕ್ಕಪಕ್ಕದ ಎರಡು ಸ್ಪಿನ್‌ಗಳು ಒಂದು ಮೇಲೆ ಒಂದು ಕೆಳಗೆ ಎಂದು ಅದಲುಬದಲಾಗಲು ಹೊರಗಿನಿಂದ ಒಂದು ಕಾಸಿನ ಶಕ್ತಿಯೂ ಬೇಡ. ಕೊಟ್ಟದ್ದು, ತೆಗೆದುಕೊಂಡದ್ದು ಒಳಗೊಳಗೇ ಸರಿಹೋಗುತ್ತದೆ, ಒಟ್ಟು ಶಕ್ತಿ ಹಾಗೇ ಉಳಿಯುತ್ತದೆ. ಆದರೆ ಈ ಅದಲುಬದಲಿನಲ್ಲಿ ಪ್ರತಿ ಸ್ಪಿನ್ನಿನ ಫೇಸ್ ಸುತ್ತಲಿನ ನೂರಾರು ಸ್ಪಿನ್‌ಗಳ ಸ್ಥಿತಿಯೊಡನೆ ಹೆಣೆದುಕೊಂಡು, ಒಂದು ಸ್ಪಿನ್ ನೋಡಿ ಹೇಳಲಾಗದಂತೆ ಹರಡಿಹೋಗುತ್ತದೆ. ಶಕ್ತಿ ಪೂರಾ ಹೊರಹೋಗಬೇಕಾದರೆ ಸ್ಫಟಿಕದ ಜಾಲವೇ ಹತ್ತಾರು ಮೆಗಾಹರ್ಟ್ಸ್‌ನಲ್ಲಿ ಅಲುಗಬೇಕು. ಗಟ್ಟಿಯಾದ ಮಂಜಿನಲ್ಲಿ ಅಂಥ ಚಲನೆ ತೀರಾ ಕಡಿಮೆ.

ಅದೇ ಮಂಜು ಕರಗಿದ ಮೇಲೆ ಟಿ2 ಸೆಕೆಂಡುಗಳಿಗೆ ಏರಿ ಟಿ1ರ ಹತ್ತಿರ ಬರುತ್ತದೆ. ಕಾಂತಗಳು ಅವೇ, ದೂರವೂ ಅದೇ. ಅಣು ಪಿಕೊಸೆಕೆಂಡಿನ ಲೆಕ್ಕದಲ್ಲಿ ಗಿರಗಿರ ತಿರುಗುವುದರಿಂದ ಆ 4 ಗಾಸ್ ಎಲ್ಲ ದಿಕ್ಕಿನಲ್ಲೂ ಬಂದು ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಬ್ಲೋಂಬರ್ಗನ್, ಪರ್ಸೆಲ್, ಪೌಂಡ್ 1948ರಲ್ಲಿ ಇದರ ಲೆಕ್ಕ ಕೊಟ್ಟರು. ರಿಲ್ಯಾಕ್ಸೇಶನ್ ಓದುವವರು ಇವತ್ತಿಗೂ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ‘ಕಣಗಳು ಹೆಚ್ಚಾದರೆ ಫೇಸ್ ಬೇಗ ಹೋಗುತ್ತದೆ’ ಎಂಬ ಮಾತನ್ನು ಹಾಗಾಗಿ ಸ್ವಲ್ಪ ತಿದ್ದಬೇಕು. ಕಣಗಳ ಸಂಖ್ಯೆಗಿಂತ, ಅವುಗಳ ಪರಸ್ಪರ ಪ್ರಭಾವ ಅಳಿಸಿಹೋಗಲು ಅವಕಾಶವಿದೆಯೇ ಎಂಬುದು ಮುಖ್ಯ.

ಹಾನ್ ಎಕೋ ಇಲ್ಲಿ ಏಕೆ ಕೆಲಸಕ್ಕೆ ಬಾರದು ಎಂಬುದನ್ನೂ ಗಮನಿಸಿ. ಪೈ ಪಲ್ಸ್ ಎರಡೂ ಸ್ಪಿನ್‌ಗಳನ್ನು ಒಟ್ಟಿಗೇ ತಿರುವುತ್ತದೆ. ಅವುಗಳ ನಡುವಿನ ಶಕ್ತಿ ಎರಡರ ಗುಣಾಕಾರ, ಎರಡು ಮೈನಸ್ ಸೇರಿ ಮತ್ತೆ ಪ್ಲಸ್. ತಪ್ಪು ತಿರುವುಮುರುವಾಗುವುದೇ ಇಲ್ಲ. ಆದರೆ 1970ರ ಹೊತ್ತಿಗೆ ರಿಮ್, ಪೈನ್ಸ್, ವಾ ಎಂಬ ಮೂವರು ಬಲವಾದ ರೇಡಿಯೊ ಪಲ್ಸ್‌ಗಳಿಂದ ಆ ಪರಸ್ಪರ ಶಕ್ತಿಯ ಚಿಹ್ನೆಯನ್ನೇ ಬದಲಿಸಿ, ಕ್ಯಾಲ್ಶಿಯಂ ಫ್ಲೋರೈಡ್ ಹರಳಿನಲ್ಲಿ ಸತ್ತೇಹೋಗಿದೆ ಎಂದುಕೊಂಡಿದ್ದ ಸಿಗ್ನಲ್ಲನ್ನು ಮರಳಿ ತಂದರು. ಈ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಪ್ರಯೋಗ ಕಡಿಮೆ. ಒಳಗೊಳಗೆ ಹರಡಿದ ಫೇಸ್ ನಾಶವಾಗಿರಲಿಲ್ಲ, ಸಾಧಾರಣ ಅಳತೆಗೆ ಸಿಗದ ಜಾಗದಲ್ಲಿತ್ತು. ಹೊರಗಿನ ಪರಿಸರಕ್ಕೆ ಸೋರಿದ ಫೇಸ್ ಮಾತ್ರ ಹೀಗೆ ಮರಳಿ ಬರುವುದಿಲ್ಲ.

ಕ್ಯೂಬಿಟ್‌ಗಳಲ್ಲಿ ಸಂಖ್ಯೆಯ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ. ಹತ್ತು ಕ್ಯೂಬಿಟ್‌ಗಳನ್ನು ‘ಎಲ್ಲ ಸೊನ್ನೆ’ ಮತ್ತು ‘ಎಲ್ಲ ಒಂದು’ ಇವುಗಳ ಬೆರಕೆಯಲ್ಲಿ ಹೆಣೆದರೆ ಫೇಸ್ ಹತ್ತು ಪಟ್ಟು ವೇಗವಾಗಿ ತಿರುಗುತ್ತದೆ. ಪ್ರತಿಯೊಂದರ ಟಿಫೈ 100 ಮೈಕ್ರೊಸೆಕೆಂಡ್, ನಾಯ್ಸ್ ಒಂದೊಂದಕ್ಕೂ ಬೇರೆ ಎಂದಾದರೆ ಹೆಣೆದ ಸ್ಥಿತಿ ಬಾಳುವುದು 10 ಮೈಕ್ರೊಸೆಕೆಂಡ್. ವೇಗವಾಗಿ ಅಲುಗುವ ಒಂದೇ ನಾಯ್ಸ್ ಎಲ್ಲಕ್ಕೂ ಸಮನಾಗಿ ತಾಗುತ್ತಿದ್ದರೆ 1 ಮೈಕ್ರೊಸೆಕೆಂಡ್. ಇಲ್ಲಿ ವರ್ಗದ ಲೆಕ್ಕ. ‘ಎಲ್ಲಕ್ಕೂ ಒಟ್ಟಿಗೆ’ ಎಂಬ ಈ ಮಾತು ಮುಂದೆ ಗಣಿಯ ಪ್ರಶ್ನೆಯಲ್ಲಿ ಬೇಕಾಗುತ್ತದೆ.

ಟಿ1, ಟಿ2 ಅಳೆಯುವ ಕ್ರಮ ಸುಲಭ, ತಪ್ಪುವ ಜಾಗಗಳು ಹಲವು. ಟಿ1ಗೆ: ಪೈ ಪಲ್ಸ್ ಕೊಟ್ಟು ಮೇಲೇರಿಸಿ, ಕಾದು, ಓದಿ. ಟಿ1 100 ಮೈಕ್ರೊಸೆಕೆಂಡ್ ಇದ್ದರೆ ಕಾಯುವ ಅವಧಿಯನ್ನು 0ಯಿಂದ 500ರವರೆಗೆ 40 ಬಿಂದುಗಳಲ್ಲಿ ಹಂಚಿ, ಪ್ರತಿ ಬಿಂದುವಿಗೆ 1000 ಸಲ ಓದಿ, ಪ್ರತಿ ಸಲದ ನಡುವೆ ಕ್ಯೂಬಿಟ್ ತಾನಾಗಿ ಇಳಿಯಲು ಇನ್ನೊಂದು 500 ಮೈಕ್ರೊಸೆಕೆಂಡ್ ಬಿಡಿ. ಒಟ್ಟು ಅರ್ಧ ನಿಮಿಷದ ಕೆಲಸ. ಕಾಯುವ ಅವಧಿಯನ್ನು 200ಕ್ಕೇ ನಿಲ್ಲಿಸಿದರೆ ಕೊನೆಯ ಮಟ್ಟ ಎಲ್ಲಿದೆ ಎಂಬುದೇ ಗೊತ್ತಾಗದೆ ಫಿಟ್ ಎತ್ತ ಬೇಕಾದರೂ ಜಾರುತ್ತದೆ. ಕೊನೆಯ ಮಟ್ಟವನ್ನು ಸೊನ್ನೆ ಎಂದು ಕಟ್ಟಿಹಾಕುವುದೂ ತಪ್ಪು. 5 ಗಿಗಾಹರ್ಟ್ಸ್ ಎಂದರೆ 0.24 ಕೆಲ್ವಿನ್, ಕ್ಯೂಬಿಟ್ಟನ್ನು ತಣ್ಣಗಿಡುವ ಡೈಲ್ಯೂಶನ್ ಫ್ರಿಜ್ 20 ಮಿಲಿಕೆಲ್ವಿನ್ ತೋರಿಸಿದರೂ ಕ್ಯೂಬಿಟ್ 50 ಮಿಲಿಕೆಲ್ವಿನ್‌ನಲ್ಲಿ ಇದ್ದಂತೆ ನಡೆದುಕೊಳ್ಳುವುದುಂಟು, ಆಗ ಸುಮಾರು ನೂರರಲ್ಲಿ ಒಂದು ಪಾಲು ಸದಾ ಮೇಲೇ ಇರುತ್ತದೆ.

ಟಿ2ಗೆ ಎರಡು ಅರ್ಧ ಪೈ ಪಲ್ಸ್‌ಗಳ ನಡುವೆ ಕಾಯಬೇಕು. ಡ್ರೈವ್ ಫ್ರೀಕ್ವೆನ್ಸಿಯನ್ನು ಬೇಕೆಂದೇ 100 ಕಿಲೊಹರ್ಟ್ಸ್‌ನಷ್ಟು ಸರಿಸಿಡಿ. ಆಗ ಕುಗ್ಗುವ ಅಲೆ ಕಾಣುತ್ತದೆ, ಫ್ರೀಕ್ವೆನ್ಸಿ ತಪ್ಪಿದ್ದೂ ತಿಳಿಯುತ್ತದೆ. ಸರಿಸದೆ ಅಳೆದರೆ ಸಣ್ಣ ಫ್ರೀಕ್ವೆನ್ಸಿ ತಪ್ಪು ಟಿ2 ಕಡಿಮೆಯಾದಂತೆ ನಟಿಸುತ್ತದೆ. ಅಲೆಯ ಒಂದು ಸುತ್ತಿಗೆ ಐದಾರು ಬಿಂದುಗಳಾದರೂ ಬೇಕು, ಇಲ್ಲದಿದ್ದರೆ ಇಲ್ಲದ ಅಲೆ ಕಾಣಿಸುತ್ತದೆ. ಇನ್ನು ಕುಗ್ಗುವ ಆಕಾರ. ವೇಗದ ನಾಯ್ಸ್ ಆದರೆ ಎಕ್ಸ್‌ಪೊನೆನ್ಶಿಯಲ್, ಫ್ರೀಕ್ವೆನ್ಸಿ ಇಳಿದಂತೆ ಬಲ ಏರುವ ನಿಧಾನದ ನಾಯ್ಸ್ ಆದರೆ ಗಾಸಿಯನ್‌ಗೆ ಹತ್ತಿರ. ಮೇಲೆ ಕೊಟ್ಟ ಕೂಡಿಸಿ ಕಳೆಯುವ ಸೂತ್ರ ಎಕ್ಸ್‌ಪೊನೆನ್ಶಿಯಲ್‌ಗೆ ಮಾತ್ರ ಸರಿ. ಗಾಸಿಯನ್ ಇದ್ದರೆ ಟಿ1ರ ಭಾಗವನ್ನು ಮೊದಲು ಭಾಗಿಸಿ ತೆಗೆದು, ಉಳಿದದ್ದಕ್ಕೆ ಗಾಸಿಯನ್ ಹೊಂದಿಸಿ. ಟಿ1 ಗಂಟೆಯಿಂದ ಗಂಟೆಗೆ ಏರಿಳಿಯುವುದು ಸಾಮಾನ್ಯ, ಆದ್ದರಿಂದ ಟಿ1, ಟಿ2, ಎಕೋ ಮೂರನ್ನೂ ಒಂದರ ಹಿಂದೆ ಒಂದು ಸರದಿಯಲ್ಲಿ ಇಡೀ ರಾತ್ರಿ ಓಡಿಸಿ, ಒಂದೇ ಸಂಖ್ಯೆಯ ಬದಲು ಹರವನ್ನು ಬರೆಯಬೇಕು. ‘ನಮ್ಮ ಟಿ1 ಇಷ್ಟು’ ಎಂದು ಅತಿ ಹೆಚ್ಚು ಬಂದ ಸಂಖ್ಯೆ ಮಾತ್ರ ಬರೆಯುವ ಅಭ್ಯಾಸದಿಂದ ಓದುವವರಿಗೆ ಏನೂ ಉಪಯೋಗವಿಲ್ಲ.

ಹಾಗಾದರೆ ಇವತ್ತಿನ ಕ್ಯೂಬಿಟ್‌ಗಳ ಟಿ1, ಟಿ2ಯನ್ನು ತಡೆಹಿಡಿದಿರುವುದು ಏನು? ಟಿ1ಗೆ ಮುಖ್ಯವಾಗಿ ಮೇಲ್ಮೈ. ಲೋಹದ ಮೇಲೆ, ಸಿಲಿಕಾನ್ ಅಥವಾ ಸಫೈರ್ ತಳದ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಅಸ್ತವ್ಯಸ್ತ ಆಕ್ಸೈಡ್ ಪದರ ಇರುತ್ತದೆ. ಅದರೊಳಗೆ ಎರಡು ಜಾಗಗಳ ನಡುವೆ ಓಲಾಡುವ ಸಣ್ಣ ದೋಷಗಳಿವೆ. ಅವುಗಳಲ್ಲಿ ಒಂದು 5 ಗಿಗಾಹರ್ಟ್ಸ್‌ಗೆ ಹೊಂದಿದರೆ ಸಾಕು, ಶಕ್ತಿ ಅತ್ತ ಸೋರುತ್ತದೆ. ದೋಷಗಳು ಜಾಗ ಬದಲಿಸುವುದರಿಂದಲೇ ಟಿ1 ಗಂಟೆಗೊಂದು ಬಗೆ. ನಿಯೋಬಿಯಂ ಬದಲು ಟ್ಯಾಂಟಲಂ ಬಳಸಿದಾಗ 2021ರ ಹೊತ್ತಿಗೆ ಟಿ1 300 ಮೈಕ್ರೊಸೆಕೆಂಡ್ ದಾಟಿತು. ಟ್ಯಾಂಟಲಂನ ಆಕ್ಸೈಡ್ ಹೆಚ್ಚು ಶಿಸ್ತಿನದು.

ಫೇಸ್‌ಗೆ ಬಂದರೆ, ಕ್ಯೂಬಿಟ್ಟಿನ ಸ್ಥಿತಿಯನ್ನು ಓದುವ ರೆಸೊನೇಟರಿನಲ್ಲಿ (ಮೈಕ್ರೊವೇವ್ ಅನುರಣಕ) ಉಳಿದುಕೊಂಡ ಬಿಸಿ ಫೋಟಾನುಗಳು ದೊಡ್ಡ ಶತ್ರು. ಕೋಣೆಯ ಉಷ್ಣತೆಯಲ್ಲಿ 7 ಗಿಗಾಹರ್ಟ್ಸ್‌ಗೆ ಸುಮಾರು 900 ಫೋಟಾನ್ ಇರುತ್ತವೆ. ಫ್ರಿಜ್ಜಿನ 4 ಕೆಲ್ವಿನ್, 0.1 ಕೆಲ್ವಿನ್, ಕೊನೆಯ ತಟ್ಟೆ ಈ ಮೂರೂ ಕಡೆ ಸಿಗ್ನಲ್ ತಗ್ಗಿಸುವ 20 ಡೆಸಿಬೆಲ್ಲಿನ ಅಟೆನ್ಯುಯೇಟರ್ ಹಾಕಿ ಹತ್ತು ಲಕ್ಷ ಪಟ್ಟು ತಗ್ಗಿಸಿದರೂ 0.001ರ ಆಸುಪಾಸು ಉಳಿಯುತ್ತದೆ. ನಡುವಿನ ತಟ್ಟೆಗಳೂ ತಮ್ಮ ಪಾಲು ಸೇರಿಸುತ್ತವೆ. ರೆಸೊನೇಟರಿನ ಅಗಲ 1 ಮೆಗಾಹರ್ಟ್ಸ್, ಒಂದು ಫೋಟಾನ್ ಕ್ಯೂಬಿಟ್ಟನ್ನು ಸರಿಸುವುದೂ ಅಷ್ಟೇ ಎಂದಿದ್ದರೆ ಈ ಸಾವಿರದಲ್ಲೊಂದು ಫೋಟಾನೇ ಟಿಫೈಯನ್ನು ಸುಮಾರು 320 ಮೈಕ್ರೊಸೆಕೆಂಡಿಗೆ ಕಟ್ಟಿಹಾಕುತ್ತದೆ. ಇದಕ್ಕೆ ಗಣಿಯ ಆಳ ಏನೂ ಮಾಡದು. ಇನ್ನೊಂದು ಅಟೆನ್ಯುಯೇಟರ್, ಇನ್‌ಫ್ರಾರೆಡ್ ಫಿಲ್ಟರ್ ಹಾಕಬೇಕು.

ಈಗ ವಿಕಿರಣ. ನೆಲಮಟ್ಟದಲ್ಲಿ ಅಂಗೈ ಚಾಚಿದರೆ ಪ್ರತಿ ಚದರ ಸೆಂಟಿಮೀಟರ್ ಮೂಲಕ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ (ಕಾಸ್ಮಿಕ್ ಕಿರಣದಿಂದ ಹುಟ್ಟುವ ಕಣ) ಹಾಯುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಸಿಲಿಕಾನ್ ಚಿಪ್ಪಿನಲ್ಲಿ ನೇರವಾಗಿ ಹಾದ ಮ್ಯೂಆನ್ ಬಿಟ್ಟುಹೋಗುವುದು ಸುಮಾರು 2 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅಲ್ಯುಮಿನಿಯಂನ ಒಂದು ಕೂಪರ್ ಜೋಡಿ (ಸೂಪರ್‌ಕಂಡಕ್ಟರಿನಲ್ಲಿ ಜೊತೆಗೂಡಿದ ಎರಡು ಎಲೆಕ್ಟ್ರಾನ್) ಒಡೆಯಲು ಬೇಕಾದದ್ದು ಒಂದು ಎಲೆಕ್ಟ್ರಾನ್ ವೋಲ್ಟಿನ ಹತ್ತು ಸಾವಿರದಲ್ಲಿ ನಾಲ್ಕು ಪಾಲಿಗೂ ಕಡಿಮೆ. ಲೆಕ್ಕಕ್ಕೆ ಐವತ್ತು ಕೋಟಿ ಜೋಡಿ ಒಡೆಯುವಷ್ಟು ಶಕ್ತಿ ಅದು. ಶಕ್ತಿ ಫೋನಾನುಗಳಾಗಿ, ಅಂದರೆ ಹರಳಿನ ಕಂಪನಗಳಾಗಿ, ಇಡೀ ಚಿಪ್ಪಿಗೆ ಹರಡುತ್ತದೆ, ಒಡೆದ ಜೋಡಿಗಳು ಸಿಕ್ಕಸಿಕ್ಕ ಕ್ಯೂಬಿಟ್ಟಿನ ಶಕ್ತಿ ಹೀರುತ್ತವೆ.

2020ರಲ್ಲಿ ಎಂಐಟಿ ಮತ್ತು ಪೆಸಿಫಿಕ್ ನಾರ್ತ್‌ವೆಸ್ಟ್ ಲ್ಯಾಬಿನವರು ಫ್ರಿಜ್ಜಿನೊಳಗೇ ತಾಮ್ರ-64ರ ವಿಕಿರಣ ಮೂಲ ಇಟ್ಟು ಅಳೆದು, ಲ್ಯಾಬಿನ ಸಹಜ ವಿಕಿರಣ ಅಂಥ ಕ್ಯೂಬಿಟ್‌ಗಳನ್ನು ಸುಮಾರು 4 ಮಿಲಿಸೆಕೆಂಡಿಗೆ ಮಿತಿಗೊಳಿಸುತ್ತದೆ ಎಂದು ಅಂದಾಜು ಮಾಡಿದರು. ಮೊದಲೇ ಹೇಳಿದ 102.6 ಬಂದದ್ದು ಅಲ್ಲಿಂದ: 1/100 ಕಳೆ 1/4000. ಟಿ1 ಮಿಲಿಸೆಕೆಂಡ್ ಮುಟ್ಟಿದ ಕ್ಯೂಬಿಟ್‌ಗಳಲ್ಲಿ ಈ ಲೆಕ್ಕ ಬದಲಾಗುತ್ತದೆ. ನೂರು ಮೈಕ್ರೊಸೆಕೆಂಡಿನ ಕ್ಯೂಬಿಟ್‌ಗಳಲ್ಲಿ ಸರಾಸರಿಯ ಮಟ್ಟಿಗೆ ವಿಕಿರಣ ಹಿಂದಿನ ಸಾಲಿನಲ್ಲಿದೆ.

ತೊಂದರೆ ಇರುವುದು ಸರಾಸರಿಯ ಆಚೆ. ಗೂಗಲ್ ತಂಡ 2022ರಲ್ಲಿ ಪ್ರಕಟಿಸಿದಂತೆ, ಅವರ ಚಿಪ್ಪಿನಲ್ಲಿ ಸುಮಾರು ಹತ್ತು ಸೆಕೆಂಡಿಗೊಮ್ಮೆ ಒಂದು ಹೊಡೆತ ಬಿದ್ದು ಹತ್ತಾರು ಕ್ಯೂಬಿಟ್‌ಗಳ ಟಿ1 ಒಟ್ಟಿಗೇ ಕುಸಿಯುತ್ತಿತ್ತು. ಚೇತರಿಸಿಕೊಳ್ಳಲು ಸುಮಾರು 25 ಮಿಲಿಸೆಕೆಂಡ್. ಹತ್ತು ಸೆಕೆಂಡಿಗೆ 25 ಮಿಲಿಸೆಕೆಂಡ್ ಎಂದರೆ ನೂರಕ್ಕೆ 0.25. ಸಾವಿರ ಸಲದ ಓದಿನಲ್ಲಿ ಎರಡು ಮೂರು ಓದು ಮಾತ್ರ ಕೆಟ್ಟಿರುತ್ತವೆ, ಟಿ1 ರೇಖೆ ನೋಡಿ ಯಾರೂ ಪತ್ತೆ ಮಾಡಲಾರರು. ಆದರೆ ತಪ್ಪು ತಿದ್ದುವ ಕೋಡ್‌ಗಳು ನಿಂತಿರುವುದು ಕ್ಯೂಬಿಟ್‌ಗಳು ಬಿಡಿಬಿಡಿಯಾಗಿ ಕೆಡುತ್ತವೆ ಎಂಬ ನಂಬಿಕೆಯ ಮೇಲೆ. ಎಲ್ಲವೂ ಒಟ್ಟಿಗೆ ಕೆಟ್ಟರೆ ಇನ್ನಷ್ಟು ಕ್ಯೂಬಿಟ್ ಸೇರಿಸಿದರೂ ಪ್ರಯೋಜನವಿಲ್ಲ. ಆಳಕ್ಕೆ ಇಳಿಸುವ ಮಾತಿಗೆ ಬೆಲೆ ಬರುವುದು ಇಲ್ಲಿ. ಇಟಲಿಯ ಗ್ರಾನ್ ಸಾಸೋದಲ್ಲಿ, 1400 ಮೀಟರ್ ಬಂಡೆಯ ಕೆಳಗೆ ಸೀಸದ ಗೋಡೆಯೊಳಗೆ ಸೂಪರ್‌ಕಂಡಕ್ಟಿಂಗ್ ರೆಸೊನೇಟರುಗಳನ್ನು ಇಟ್ಟಾಗ ಇಂಥ ಹೊಡೆತಗಳು ಮೂವತ್ತು ಪಟ್ಟು ಕಡಿಮೆಯಾದವು.

ಹಾಗಾದರೆ ಕೆಜಿಎಫ್? ಆಳದ ದೃಷ್ಟಿಯಿಂದ ಅದಕ್ಕೆ ಸಾಟಿ ಕಡಿಮೆ. ಚಾಂಪಿಯನ್ ರೀಫ್ 3 ಕಿಲೊಮೀಟರ್ ದಾಟಿ ಇಳಿದಿದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ, ಡರ್ಹಮ್ ತಂಡಗಳು ವಾತಾವರಣದ ನ್ಯೂಟ್ರಿನೊ ಗುರುತು ಹಿಡಿದದ್ದು ಸುಮಾರು 2.3 ಕಿಲೊಮೀಟರ್ ಆಳದಲ್ಲಿ. ಅಲ್ಲಿಯ ಬಂಡೆ ಗ್ರಾನೈಟ್‌ಗಿಂತ ತೂಕದ್ದು, ಸಾಂದ್ರತೆ 3ರ ಹತ್ತಿರ, ಆ ಆಳ ಸುಮಾರು 7000 ಮೀಟರ್ ನೀರಿಗೆ ಸಮ. ನ್ಯೂಟ್ರಿನೊಗೆ ಅಷ್ಟು ಬೇಕಿತ್ತು, ಏಕೆಂದರೆ ಅವರು ಕಾಯುತ್ತಿದ್ದ ಘಟನೆ ಮ್ಯೂಆನ್‌ಗಿಂತ ಎಷ್ಟೋ ವಿರಳ. ಕ್ಯೂಬಿಟ್‌ಗೆ ಅಷ್ಟು ಬೇಡ. 100 ಮೀಟರ್ ಬಂಡೆ ದಾಟಲು ಮ್ಯೂಆನ್‌ಗೆ ಹೊರಗೇ ಸುಮಾರು 60 ಗಿಗಾ ಎಲೆಕ್ಟ್ರಾನ್ ವೋಲ್ಟ್ ಇರಬೇಕು. ನೆಲಮಟ್ಟದ ಮ್ಯೂಆನಿನ ಸರಾಸರಿ ಶಕ್ತಿ ಸುಮಾರು 4. ಹಾಗಾಗಿ ಮೊದಲ ನೂರು ಮೀಟರಿನಲ್ಲೇ ನೂರಕ್ಕೆ 99ಕ್ಕಿಂತ ಹೆಚ್ಚು ಮ್ಯೂಆನ್‌ಗಳು ನಿಂತುಬಿಡುತ್ತವೆ. ಅಮೆರಿಕದ ಫರ್ಮಿಲ್ಯಾಬಿನಲ್ಲಿ ಸುಮಾರು 107 ಮೀಟರ್ ಆಳದಲ್ಲಿ ಕ್ಯೂಬಿಟ್ ಪ್ರಯೋಗಗಳು ನಡೆದಿರುವುದು ಈ ಕಾರಣಕ್ಕೇ. ಉಳಿದ ಎರಡು ಕಿಲೊಮೀಟರಿನಿಂದ ಸಿಗುವ ಲಾಭ ಕ್ಯೂಬಿಟ್‌ಗೆ ಗೊತ್ತಾಗುವುದೇ ಇಲ್ಲ.

ಆಳದಲ್ಲಿ ತೊಡಕುಗಳೂ ಹೆಚ್ಚು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿ ಪಂಪ್ ನಿಂತ ಮೇಲೆ ಕೆಳಗಿನ ಹಂತಗಳಲ್ಲಿ ನೀರು ತುಂಬಿಕೊಂಡಿದೆ. ಅತಿ ಆಳದ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೈಲ್ಯೂಶನ್ ಫ್ರಿಜ್ಜಿನ ಒಂದೊಂದು ಕಂಪ್ರೆಸರೂ ಹತ್ತು ಕಿಲೊವ್ಯಾಟ್ ಆಸುಪಾಸು ವಿದ್ಯುತ್ ನುಂಗಿ, ಅಷ್ಟೂ ಬಿಸಿಯನ್ನು ತಣ್ಣೀರಿಗೆ ಸುರಿಯುತ್ತದೆ. ಅಷ್ಟೆಲ್ಲ ಮಾಡಿ 20 ಮಿಲಿಕೆಲ್ವಿನ್‌ನಲ್ಲಿ ಸಿಗುವ ತಂಪು ಇಪ್ಪತ್ತು ಮೈಕ್ರೊವ್ಯಾಟ್‌ನಷ್ಟು. ಗ್ರಾನ್ ಸಾಸೋಗೆ ಹೆದ್ದಾರಿಯ ಸುರಂಗದಿಂದ ಲಾರಿಯೇ ಒಳಗೆ ಹೋಗುತ್ತದೆ. ಲಂಬ ಶಾಫ್ಟಿನಲ್ಲಿ ಮನುಷ್ಯನೆತ್ತರದ ಕ್ರಯೊಸ್ಟಾಟ್ (ಫ್ರಿಜ್ಜಿನ ಅತಿಶೀತಲ ಪಾತ್ರೆ) ಇಳಿಸುವುದು ಬೇರೆಯೇ ಕೆಲಸ.

ಇನ್ನೊಂದು ಮಾತು ಮರೆಯುವಂತಿಲ್ಲ. ಬಂಡೆ ಮ್ಯೂಆನ್ ತಡೆಯುತ್ತದೆ, ಗಾಮಾ ಕಿರಣವನ್ನು ತಾನೇ ಕೊಡುತ್ತದೆ. ಪೊಟ್ಯಾಸಿಯಂ-40, ಯುರೇನಿಯಂ, ಥೋರಿಯಂ ಎಲ್ಲ ಕಲ್ಲಿನಲ್ಲೂ ಇವೆ. ನಂದಿಬೆಟ್ಟದ ಕಡೆಯ ಗ್ರಾನೈಟಿನಲ್ಲಿ ಹೆಚ್ಚು, ಕೋಲಾರದ ಕಪ್ಪು ಶಿಸ್ಟಿನಲ್ಲಿ ಕಡಿಮೆ. ಚಪ್ಪಡಿಕಲ್ಲಿನ ಕೋಣೆಯಲ್ಲಿ ಫ್ರಿಜ್ ಇಟ್ಟರೂ ಇದೇ ಕಥೆ. ಪೊಟ್ಯಾಸಿಯಂನ 1.46 ಮೆಗಾ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣಕ್ಕೆ 10 ಸೆಂಟಿಮೀಟರ್ ಸೀಸ ಕಟ್ಟಿದರೆ ನೂರರಲ್ಲಿ ಒಂದು ಪಾಲಿಗೂ ಕಡಿಮೆ ಒಳಬರುತ್ತದೆ. ಒಳಗೆ ಒಂದು ಮೀಟರ್ ಘನದ ಜಾಗ ಬಿಟ್ಟು ಕಟ್ಟಿದರೆ ಸೀಸದ ತೂಕ ಸುಮಾರು 8 ಟನ್, ನೆಲ ಅದನ್ನು ಹೊರಬೇಕು. ಅದೇ ಸೀಸ ಮ್ಯೂಆನ್‌ಗೆ ಲೆಕ್ಕವೇ ಅಲ್ಲ. ಎರಡಕ್ಕೂ ಬೇರೆ ಬೇರೆ ತಡೆ ಬೇಕು, ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಅರ್ಧ ಕೆಲಸ.

ಈ ನಡುವೆ ಚಿಪ್ಪಿನ ಮೇಲೆಯೇ ಪರಿಹಾರ ಸಿಗುತ್ತಿದೆ. ಚಿಪ್ಪಿನ ಹಿಂಬದಿಗೆ ತಾಮ್ರದ ತುಂಡುಗಳನ್ನು ಹಾಕಿದರೆ ಫೋನಾನುಗಳು ಅಲ್ಲಿ ಶಕ್ತಿ ಕಳೆದುಕೊಂಡು, ಜೋಡಿ ಒಡೆಯುವಷ್ಟು ಬಲ ಉಳಿಸಿಕೊಳ್ಳುವುದಿಲ್ಲ. ಕ್ಯೂಬಿಟ್ಟಿನೊಳಗಿನ ಜಂಕ್ಷನ್ನಿನ (ಎರಡು ಲೋಹದ ಪದರಗಳ ನಡುವಿನ ತೆಳು ತಡೆ) ಎರಡು ಕಡೆಯ ಅಲ್ಯುಮಿನಿಯಂ ದಪ್ಪವನ್ನು ಬೇರೆ ಬೇರೆ ಮಾಡಿ, ಜೋಡಿ ಒಡೆಯುವ ಶಕ್ತಿಯನ್ನು ನಿರ್ಧರಿಸುವ ಅವುಗಳ ಗ್ಯಾಪ್ ವ್ಯತ್ಯಾಸ ಕ್ಯೂಬಿಟ್ಟಿನ ಶಕ್ತಿಯನ್ನು (5 ಗಿಗಾಹರ್ಟ್ಸ್‌ಗೆ ಸುಮಾರು 21 ಮೈಕ್ರೊ ಎಲೆಕ್ಟ್ರಾನ್ ವೋಲ್ಟ್) ಮೀರುವಂತೆ ಮಾಡಿದರೆ ಒಡೆದ ಜೋಡಿಗಳು ಜಂಕ್ಷನ್ ದಾಟಲಾರವು. ಇಂಥ ಸುಧಾರಣೆಗಳ ನಂತರ ಗೂಗಲ್ ತಂಡ 2024ರಲ್ಲಿ ವರದಿ ಮಾಡಿದ ಪುನರಾವರ್ತನಾ ಕೋಡ್ (ಒಂದೇ ಮಾಹಿತಿಯನ್ನು ಹಲವು ಕ್ಯೂಬಿಟ್‌ಗಳಲ್ಲಿ ಇಟ್ಟು ತಪ್ಪು ತಿದ್ದುವ ಕ್ರಮ) ಪ್ರಯೋಗದಲ್ಲಿ ಒಟ್ಟಿಗೆ ಕೆಡುವ ಘಟನೆ ಸುಮಾರು ಗಂಟೆಗೊಂದಕ್ಕೆ ಇಳಿದಿತ್ತು. ನೆಲದ ಮೇಲೆ ಕೂತೇ ಇಷ್ಟು ಆಗಿರುವಾಗ, ಆಳದ ಲ್ಯಾಬನ್ನು ಕಾರಣ ಪತ್ತೆಹಚ್ಚುವ ಪ್ರಯೋಗಗಳಿಗೆ ಇಟ್ಟುಕೊಂಡು ಕಂಪ್ಯೂಟರನ್ನು ಮೇಲೇ ಬಿಡುವುದು ಸರಿಯಾದ ದಾರಿ.

ನಿಮ್ಮ ಪ್ರಾಜೆಕ್ಟ್‌ಗೆ ಫ್ರಿಜ್ ಬೇಡ. 8 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ 12 ಸ್ಪಿನ್ನಿನ ಸರಪಳಿಯನ್ನು ನಿಖರವಾಗಿ ಬಿಡಿಸಬಹುದು: ಮ್ಯಾಟ್ರಿಕ್ಸ್ 4096 × 4096, ಸುಮಾರು 134 ಎಂಬಿ. 14ಕ್ಕೆ ಹೋದರೆ ಮ್ಯಾಟ್ರಿಕ್ಸ್ ಒಂದೇ 2 ಜಿಬಿ, ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂಬ ಸ್ಥಿತಿಯಿಂದ ಹೊರಟು ಒಂದೊಂದು ಸ್ಪಿನ್ನಿನ ಸರಾಸರಿ ಹೇಗೆ ಸೊನ್ನೆಯತ್ತ ಹೋಗುತ್ತದೆ, ಒಟ್ಟು ಶಕ್ತಿ ಹೇಗೆ ಒಂದಿಷ್ಟೂ ಬದಲಾಗುವುದಿಲ್ಲ ಎಂದು ಅಕ್ಕಪಕ್ಕ ಬರೆದು ತೋರಿಸಿ. ಸ್ವಲ್ಪ ಹೊತ್ತಿನ ಮೇಲೆ ಸಿಗ್ನಲ್ ಮರಳಿ ಏಳುವುದು ಸರಪಳಿ ಗಿಡ್ಡದಾದ್ದರಿಂದ. 8, 10, 12ಕ್ಕೆ ಬಿಡಿಸಿ, ಏಳುವ ಕಾಲ ಹಿಂದೆ ಸರಿಯುತ್ತದೆಯೇ ನೋಡಿ.

ಲ್ಯಾಬಿನಲ್ಲಿ ಡಿಪಿಪಿಎಚ್ ಎಂಬ ರಾಸಾಯನಿಕ ಪುಡಿಯ ಇಎಸ್‌ಆರ್ (ಎಲೆಕ್ಟ್ರಾನ್ ಸ್ಪಿನ್ ಅನುರಣನೆ) ಕಿಟ್ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಜಿ ಬೆಲೆ ಲೆಕ್ಕ ಹಾಕಿ ಮುಚ್ಚಿಡುವುದೇ ರೂಢಿ, ರೇಖೆಯ ಅಗಲದಲ್ಲಿ ಟಿ2 ಕೂತಿರುವುದನ್ನು ನೋಡುವವರು ಕಡಿಮೆ. ಅರ್ಧ ಎತ್ತರದಲ್ಲಿ ಅಗಲ 2.5 ಗಾಸ್ ಬಂದರೆ, ಗಾಸ್‌ಗೆ 2.8 ಮೆಗಾಹರ್ಟ್ಸ್‌ನಂತೆ 7 ಮೆಗಾಹರ್ಟ್ಸ್. ಒಂದನ್ನು ಪೈ ಇಂಟು 7 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಟಿ2 ಸುಮಾರು 45 ನ್ಯಾನೊಸೆಕೆಂಡ್. ಇಷ್ಟು ಒತ್ತಾಗಿ ಕೂತ ಎಲೆಕ್ಟ್ರಾನ್ ಸ್ಪಿನ್‌ಗಳ ಕಾಂತಕ್ಷೇತ್ರದ ಲೆಕ್ಕದಲ್ಲಿ ರೇಖೆ ಇದಕ್ಕಿಂತ ಹಲವು ಪಟ್ಟು ಅಗಲವಿರಬೇಕಿತ್ತು. ಪಕ್ಕದ ಅಣುಗಳ ಎಲೆಕ್ಟ್ರಾನ್‌ಗಳು ಬಹು ಬೇಗ ಸ್ಪಿನ್ ಅದಲುಬದಲು ಮಾಡಿಕೊಂಡು ಆ ಕ್ಷೇತ್ರವನ್ನು ಸರಾಸರಿ ಮಾಡುವುದರಿಂದ ಅದು ಕಿರಿದಾಗಿದೆ. ನೀರಿನಲ್ಲಿ ಅಣುವಿನ ತಿರುಗಾಟ ಮಾಡಿದ ಕೆಲಸವನ್ನು ಇಲ್ಲಿ ಸ್ಪಿನ್‌ಗಳ ವಿನಿಮಯವೇ ಮಾಡುತ್ತದೆ.

ಅಳೆಯುವಾಗ ಮೂರು ಕಡೆ ಎಚ್ಚರ ಬೇಕು. ಕಾಯಿಲಿನ ಅಮ್ಮೀಟರ್ ತೋರಿಸುವುದು ಆರ್‌ಎಂಎಸ್ ಕರೆಂಟ್, ಪರದೆಯ ಪೂರ್ಣ ಅಗಲಕ್ಕೆ ಅದನ್ನು 2.83ರಿಂದ ಗುಣಿಸಬೇಕು, ಮರೆತರೆ ಟಿ2 ಅಷ್ಟೇ ಪಟ್ಟು ಹೆಚ್ಚಾಗಿ ಬರುತ್ತದೆ. 14 ಮೆಗಾಹರ್ಟ್ಸ್‌ನಲ್ಲಿ ಅನುರಣನೆ ಬರುವುದು 5 ಗಾಸ್‌ನಲ್ಲಿ, ನಮ್ಮ ಕಡೆ ಭೂಮಿಯ ಕ್ಷೇತ್ರವೇ ಸುಮಾರು 0.4 ಗಾಸ್, ಅದೂ ಬಹುಪಾಲು ಉತ್ತರ ದಿಕ್ಕಿಗೆ, ನೆಲಕ್ಕೆ ಸಮಾನಾಂತರವಾಗಿ. ಕಾಯಿಲಿನ ಅಕ್ಷವನ್ನು ಪೂರ್ವ ಪಶ್ಚಿಮಕ್ಕೆ ಇಟ್ಟರೆ ಆ ನೂರಕ್ಕೆ 8ರ ತಪ್ಪು ಒಂದಕ್ಕೂ ಕಡಿಮೆಗೆ ಇಳಿಯುತ್ತದೆ, ಪರದೆಯ ಮೇಲಿನ ಮೊನೆಗಳೂ ಸಮನಾಗಿ ಕೂರುತ್ತವೆ. ಕೊನೆಯದಾಗಿ ಆರ್‌ಎಫ್ ಮಟ್ಟ. ಹೆಚ್ಚಿಟ್ಟರೆ ಸಿಗ್ನಲ್ ದೊಡ್ಡದಾಗಿ ಕಾಣುವ ಆಸೆಗೆ ರೇಖೆ ತಾನೇ ಅಗಲವಾಗಿಬಿಡುತ್ತದೆ. ಮಟ್ಟವನ್ನು ಅರ್ಧಕ್ಕೆ ಇಳಿಸಿ ಮತ್ತೆ ಅಳೆಯಿರಿ, ಅಗಲ ಬದಲಾದರೆ ಇನ್ನೂ ಇಳಿಸಿ. ಎರಡು ಅಳತೆ ಒಂದೇ ಬಂದ ಮೇಲೆ ಸಿಕ್ಕ ಅಗಲವನ್ನು ಮಾತ್ರ ಟಿ2 ಲೆಕ್ಕಕ್ಕೆ ತೆಗೆದುಕೊಳ್ಳಿ.